ಹಾಲಿಗೆ ಆದದ್ದು ಕಾಫಿಗೆ ಯಾಕೆ ಆಗಲಿಲ್ಲ?

ಹಾಸನ ಜಿಲ್ಲೆಯ ಬಯಲು ಕಡೆ ಎಲ್ಲಿಗೆ ಹೋದರೂ ಹಾಲಿನ ಡೇರಿ, ಅಂದರೆ ರೈತರದ್ದೇ ಸಹಕಾರ ಸಂಘ, ಕಾಣುತ್ತದೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಸೀಕೆರೆ, ಆ ಕಡೆ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆವರೆಗೂ ಹೀಗೇ. ಹತ್ತು ಹಸು ಸಾಕಿದವರ ಹಾಲೂ ಅಲ್ಲಿಗೇ ಬರುತ್ತದೆ, ಒಂದೇ ಹಸು ಕಟ್ಟಿಕೊಂಡವರ ಹಾಲೂ ಅಲ್ಲಿಗೇ. ಅಲ್ಲಿಂದ ಘಟ್ಟದ ಕಡೆ ಹೊರಳಿ. ಸಕಲೇಶಪುರ, ಬೇಲೂರು, ಮೂಡಿಗೆರೆ. ಮೂರು ಎಕರೆ ಕಾಫಿ ಇರುವ ಬೆಳೆಗಾರ ಚೀಲ ಹಾಕಿಕೊಂಡು ಹೋಗುವುದು ಪೇಟೆಯ ವ್ಯಾಪಾರಿ ಹತ್ತಿರ. ಒಬ್ಬನೇ ಹೋಗುತ್ತಾನೆ, ಅವರು ಹೇಳಿದ ದರಕ್ಕೆ ಕೊಟ್ಟು ಬರುತ್ತಾನೆ. ಜಿಲ್ಲೆ ಅದೇ, ಜನ ಅವರೇ, 1959ರ ಸಹಕಾರ ಕಾಯ್ದೆಯೂ ಅದೇ. ಹಾಲಿಗೆ ಆದದ್ದು ಕಾಫಿಗೆ ಯಾಕೆ ಆಗಲಿಲ್ಲ?

ಈ ಪ್ರಶ್ನೆಯನ್ನು ಈಗ ಕೇಳದಿದ್ದರೆ ಕಷ್ಟ. ಕೇಂದ್ರದಲ್ಲಿ ಸಹಕಾರಕ್ಕೇ ಬೇರೆ ಸಚಿವಾಲಯ ಬಂದದ್ದು 2021ರ ಜುಲೈನಲ್ಲಿ. 2023ರ ಫೆಬ್ರುವರಿಯಲ್ಲಿ ಐದು ವರ್ಷಕ್ಕೆ 2 ಲಕ್ಷ ಹೊಸ ಸಂಘ ಕಟ್ಟುವ ಗುರಿ ಹಾಕಿಕೊಂಡರು. ವಿಶ್ವಸಂಸ್ಥೆ 2025ನ್ನು ಅಂತಾರಾಷ್ಟ್ರೀಯ ಸಹಕಾರ ವರ್ಷ ಎಂದು ಸಾರಿತು, ಅದೇ ವರ್ಷ ಹೊಸ ರಾಷ್ಟ್ರೀಯ ಸಹಕಾರ ನೀತಿಯೂ ಹೊರಬಿತ್ತು. ಅಂದರೆ ಊರೂರಲ್ಲಿ ಹೊಸ ಬೋರ್ಡು ಏಳುವ ಕಾಲ ಇದು. ಬೋರ್ಡು ಹಾಕುವುದು ಸುಲಭ. ಇಪ್ಪತ್ತು ವರ್ಷ ಆದಮೇಲೂ ಅದರ ಬಾಗಿಲು ತೆರೆದಿರುತ್ತದಾ ಅನ್ನುವುದಕ್ಕೆ ಉತ್ತರ ಯೋಜನೆಯ ಕಡತದಲ್ಲಿ ಸಿಗುವುದಿಲ್ಲ. ಸದಸ್ಯನಿಗೆ ಸಂಘದ ಜತೆ ಎಷ್ಟು ಸಲ ಕೆಲಸ ಬೀಳುತ್ತದೆ, ಅವನ ಸ್ವಂತ ದುಡ್ಡು ಅಲ್ಲಿ ಎಷ್ಟಿದೆ, ಲೆಕ್ಕ ಅವನ ಕಣ್ಣೆದುರು ಎಷ್ಟು ನಡೆಯುತ್ತದೆ, ಇವೇ ಅದನ್ನು ತೀರ್ಮಾನಿಸುತ್ತವೆ ಎಂಬುದು ನನ್ನ ನಂಬಿಕೆ. ಸರ್ಕಾರದ ಸಹಾಯ ಇವುಗಳ ಮೇಲೆ ಬಂದರೆ ಬಲ. ಇವು ಇಲ್ಲದ ಕಡೆ ಬಂದರೆ ಸಂಘಕ್ಕೇ ಪೆಟ್ಟು.

ಚನ್ನರಾಯಪಟ್ಟಣದ ಕಡೆ ಬೆಳಿಗ್ಗೆ ಆರೂವರೆ ಹೊತ್ತಿಗೆ ಒಂದು ಡೇರಿ ಮುಂದೆ ನಿಂತು ನೋಡಿ. ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಬಕೆಟ್ಟು ಹಿಡಿದು ಜನ ಸಾಲಾಗಿ ಬರುತ್ತಾರೆ. ಟೆಸ್ಟರ್ ಒಂದು ಚಿಕ್ಕ ಬಟ್ಟಲಲ್ಲಿ ಸ್ಯಾಂಪಲ್ ತೆಗೆದು ಯಂತ್ರಕ್ಕೆ ಹಿಡಿಯುತ್ತಾನೆ. ಪರದೆ ಮೇಲೆ ಫ್ಯಾಟು, ಎಸ್‌ಎನ್‌ಎಫ್ಫು (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಬರುತ್ತದೆ. ತೂಕ, ದರ, ಒಟ್ಟು ಹಣ ಚೀಟಿಯಲ್ಲಿ ಅಚ್ಚಾಗಿ ಕೈಗೆ ಬರುತ್ತದೆ. ಚೀಟಿ ನೋಡಿದ ಹೆಂಗಸು ಅಲ್ಲೇ ನಿಲ್ಲುತ್ತಾಳೆ. “ನಿನ್ನೆ ಫ್ಯಾಟು ನಾಕು ಬಂದಿತ್ತಲ್ಲಪ್ಪ, ಇವತ್ತ್ಯಾಕೆ ಮೂರೂವರೆ?” “ಮೇವೇನಾದ್ರೂ ಬದಲಾಯಿಸಿದ್ರಾ ಅಕ್ಕ? ಬೇಕಾದ್ರೆ ಇನ್ನೊಂದ್ಸಲ ಹಾಕ್ತೀನಿ, ನೀವೇ ನೋಡಿ.” ಇನ್ನೊಮ್ಮೆ ಹಾಕುತ್ತಾನೆ. ಹಿಂದೆ ನಿಂತವರೂ ಇಣುಕಿ ನೋಡುತ್ತಾರೆ.

ನನಗೆ ಈ ಮಾತುಕತೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಇಲಾಖೆಯ ಆಡಿಟರ್ ವರ್ಷಕ್ಕೊಮ್ಮೆ ಬರುತ್ತಾರೆ. ಈ ಅಕ್ಕ ದಿನಕ್ಕೆ ಎರಡು ಸಲ, ವರ್ಷಕ್ಕೆ 730 ಸಲ ಲೆಕ್ಕ ಕೇಳುತ್ತಾಳೆ. ಅಳತೆ ಅವಳ ಮುಂದೆ, ದರದ ಪಟ್ಟಿ ಗೋಡೆ ಮೇಲೆ, ದುಡ್ಡು ಬಟವಾಡೆ ದಿನ ಖಾತೆಗೆ. ಇಷ್ಟು ಬಿಗಿಯಾಗಿ ಕಾಯುವ ಜನ ಇರುವ ಕಡೆ ಕಾರ್ಯದರ್ಶಿ ದಾರಿ ತಪ್ಪುವುದು ಕಷ್ಟ. ತಪ್ಪಿದರೂ ಬೇಗ ಸಿಕ್ಕಿಬೀಳುತ್ತಾನೆ.

ಹಾಲಿನ ಗುಣವೂ ಇಲ್ಲಿ ಕೆಲಸ ಮಾಡಿದೆ. ಕರೆದ ಹಾಲು ಕೆಲವೇ ಗಂಟೆಯಲ್ಲಿ ಕೆಡುತ್ತದೆ. ನಾಳೆ ದರ ಏರಲಿ ಎಂದು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ತಂಪು ಮಾಡುವ ಯಂತ್ರ, ಟ್ಯಾಂಕರ್ ಲಾರಿ, ಪೇಟೆಯ ಡೇರಿ, ಇವು ಒಬ್ಬ ರೈತನ ಕೈಗೆ ಎಟುಕುವಂಥವಲ್ಲ. ಹೀಗೆ ಒಬ್ಬರಿಂದ ಆಗದ ಕೆಲಸ ಇದ್ದಾಗಲೇ ಜನ ಒಟ್ಟಾಗುವುದು. ಗುಜರಾತಿನ ಖೇಡಾದಲ್ಲಿ 1946ರಲ್ಲಿ ಆದದ್ದು ಇದೇ. ಹಾಲು ಕೊಳ್ಳುವ ಒಂದೇ ಕಂಪನಿ ಹೇಳಿದ್ದೇ ದರ ಎಂದಾಗ ರೈತರು ತ್ರಿಭುವನದಾಸ್ ಪಟೇಲರ ಜತೆ ನಿಂತು ತಮ್ಮದೇ ಒಕ್ಕೂಟ ಕಟ್ಟಿದರು. ಆಮೇಲೆ ವರ್ಗೀಸ್ ಕುರಿಯನ್ ಅವರಂಥ ಕಸುಬು ಬಲ್ಲವರು ಬಂದರು. ರೈತರು ಮೊದಲು, ತಜ್ಞರು ಆಮೇಲೆ. ಈ ಕ್ರಮ ಬಹಳ ಮುಖ್ಯ.

ಹಾಸನದ ಹಾಲು ಒಕ್ಕೂಟ 1977ರಲ್ಲಿ ಶುರುವಾಯಿತು. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಯ ಸಂಘಗಳು ಅದರ ಕೆಳಗೆ ಬಂದವು. ರಾಜ್ಯದ ಒಕ್ಕೂಟಗಳೆಲ್ಲ ಸೇರಿದ ಕೆಎಂಎಫ್ ಎಂಬ ಮಹಾಮಂಡಳ (ನಂದಿನಿ ಇದರದ್ದೇ) ಆದದ್ದು 1984ರಲ್ಲಿ. ಇವತ್ತು ರಾಜ್ಯದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಹಾಲು ಕೂಡಿದ ದಿನಗಳೂ ಇವೆ. ಒಕ್ಕೂಟ ಬರೀ ಹಾಲು ಕೊಳ್ಳಲಿಲ್ಲ. ಹಸುವಿಗೆ ಇಂಜೆಕ್ಷನ್ ಕೊಡಿಸಿತು, ಡಾಕ್ಟರನ್ನು ಕಳಿಸಿತು, ಹಾಸನದ ಪಶು ಆಹಾರ ಕಾರ್ಖಾನೆಯಿಂದ ಫೀಡು ತರಿಸಿಕೊಟ್ಟಿತು. ಬೇಸಿಗೆಯಲ್ಲಿ ಖಾಸಗಿಯವರು ಒಂದು ರೂಪಾಯಿ ಜಾಸ್ತಿ ಕೊಡುತ್ತೇವೆ ಎಂದು ಬರುತ್ತಾರೆ. ಮಳೆ ಬಂದು ಹಾಲು ಹೆಚ್ಚಾದಾಗ ಅವರೇ ಕಾಣುವುದಿಲ್ಲ. ಫೀಡು, ಡಾಕ್ಟರು, ವರ್ಷದ ಕೊನೆಯ ಬೋನಸ್ಸು ಎಲ್ಲಾ ಲೆಕ್ಕ ಹಾಕಿದ ರೈತ ಡೇರಿ ಬಿಡುವುದಿಲ್ಲ.

ಹಾಗಂತ ಹಾಲಿನಲ್ಲಿ ಎಲ್ಲಾ ಸರಿ ಇದೆ ಎಂದು ಹೇಳುತ್ತಿಲ್ಲ. 2025ರ ಏಪ್ರಿಲ್‌ನಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತಲ್ಲ, ಅದಕ್ಕೆ ಒಪ್ಪಿಗೆ ಕೊಟ್ಟದ್ದು ರಾಜ್ಯ ಸಚಿವ ಸಂಪುಟ. ಹಾಲಿನ ಒಡೆಯರು ತಮ್ಮ ಹಾಲಿನ ದರವನ್ನು ತಾವೇ ಹೇಳುವ ಹಾಗಿಲ್ಲ. ಲೀಟರಿಗೆ 5 ರೂಪಾಯಿ ಸರ್ಕಾರಿ ಪ್ರೋತ್ಸಾಹಧನಕ್ಕೆ ಎಷ್ಟೋ ಸಲ ತಿಂಗಳುಗಟ್ಟಲೆ ಕಾಯಬೇಕು. ಮೇಲಿನ ಒಕ್ಕೂಟದ ಚುನಾವಣೆ ಪಕ್ಷಗಳ ಅಖಾಡ. ಆದರೂ ಊರಿನ ಡೇರಿ ನಿಂತಿದೆ. ಮೇಲೆ ಎಷ್ಟೇ ರಾಜಕೀಯ ನಡೆದರೂ ಕೆಳಗೆ ಬೆಳಿಗ್ಗೆ, ಸಂಜೆ ಹಾಲು ಅಳೆಯುವುದು ನಿಲ್ಲುವುದಿಲ್ಲ.

ಈಗ ಕಾಫಿಗೆ ಬರೋಣ. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕಿಂತ ಜಾಸ್ತಿ 10 ಹೆಕ್ಟೇರಿಗಿಂತ ಚಿಕ್ಕವು. ಕಾಫಿ ಎಂದರೆ ಬಂಗಲೆ, ಎಸ್ಟೇಟು ಎಂದುಕೊಂಡವರಿಗೆ ಇದು ಆಶ್ಚರ್ಯ ಅನ್ನಿಸಬಹುದು. ಸಣ್ಣವರೇ ಇಷ್ಟು ಜನ ಇದ್ದಾಗ ಸಹಕಾರ ಸಂಘಕ್ಕೆ ಇದಕ್ಕಿಂತ ಒಳ್ಳೆ ನೆಲ ಎಲ್ಲಿದೆ ಎಂದು ಯಾರಾದರೂ ಕೇಳುತ್ತಾರೆ. ಆದರೆ ಇಲ್ಲಿನ ಕಥೆ ಬೇರೆ.

1940ರ ದಶಕದಿಂದ ಸುಮಾರು ಐವತ್ತು ವರ್ಷ ಇಲ್ಲಿನ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲಿಗೆ ಹೋಗಬೇಕಿತ್ತು. ಬೆಳೆಗಾರ ಕಾಫಿ ತಂದು ಒಪ್ಪಿಸುತ್ತಿದ್ದ. ಮಂಡಳಿ ಹರಾಜು ಹಾಕಿ, ಖರ್ಚು ಕಳೆದು, ಕಂತು ಕಂತಿನಲ್ಲಿ ದುಡ್ಡು ಕೊಡುತ್ತಿತ್ತು. ಎಲ್ಲರ ಕಾಫಿ ಒಟ್ಟಿಗೆ ಮಾರುವುದು, ಬಂದದ್ದನ್ನು ಹಂಚಿಕೊಳ್ಳುವುದು. ನೋಡಲು ಸಹಕಾರದ ಹಾಗೇ ಇತ್ತು. ಆದರೆ ಅದು ಕಾನೂನಿನ ಒತ್ತಾಯ. ಬೆಳೆಗಾರ ಅದರ ಒಡೆಯನಾಗಿರಲಿಲ್ಲ, ಕೊನೆ ಕಂತಿಗೆ ಕಾಯುವವನಾಗಿದ್ದ. 1992ರಿಂದ 1996ರ ಒಳಗೆ ಹಂತ ಹಂತವಾಗಿ ಪೂಲು ಸಡಿಲವಾಗಿ ಕೊನೆಗೆ ಹೋಯಿತು. ಅಷ್ಟು ವರ್ಷ ಒಟ್ಟಿಗೆ ಮಾರಿದವರು ಮರುವರ್ಷವೇ ಒಬ್ಬೊಬ್ಬರಾಗಿ ಮಾರಲು ಹೊರಟರು. ಬಲವಂತದಿಂದ ಕೂಡಿಸಿದ ಜನ ಬಾಗಿಲು ತೆರೆದ ಕೂಡಲೇ ಚದುರುತ್ತಾರೆ ಅನ್ನುವುದಕ್ಕೆ ನಮ್ಮ ಮಲೆನಾಡಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2 ಲಕ್ಷ ಸಂಘದ ಗುರಿ ಹಿಡಿದು ಹೊರಟವರು ಇದನ್ನು ಸಾವಧಾನವಾಗಿ ಓದಬೇಕು.

ಕಾಫಿಯನ್ನು ಇಟ್ಟುಕೊಳ್ಳಬಹುದು ಅನ್ನುವುದು ಇನ್ನೊಂದು ವಿಷಯ. ದರ ಏರಿದಾಗ ಪೇಟೆಗೆ, ಇಳಿದಾಗ ಸಂಘಕ್ಕೆ ಎಂದು ಸದಸ್ಯರು ಮಾಡತೊಡಗಿದರೆ ಸಂಘಕ್ಕೆ ಬರುವುದು ನಷ್ಟದ ಮಾಲು ಮಾತ್ರ. 2025ರ ಆರಂಭದಲ್ಲಿ ಕಾಫಿ ದರ ಹಿಂದೆಂದೂ ಕಾಣದಷ್ಟು ಮೇಲೆ ಹೋಯಿತಲ್ಲ, ಅಂಥ ವರ್ಷ ಸಂಘದ ನೆನಪು ಯಾರಿಗೆ ಬರುತ್ತದೆ ಹೇಳಿ? ಜತೆಗೆ ಕೊಯ್ಲಿನ ಕಾಲದ ದುಡ್ಡಿನ ಕಷ್ಟ. ಡಿಸೆಂಬರ್, ಜನವರಿಯಲ್ಲಿ ಆಳುಗಳಿಗೆ ವಾರ ವಾರ ಕೂಲಿ ಕೊಡಲೇಬೇಕು. ಕಾಫಿ ಇನ್ನೂ ಕಣದಲ್ಲಿ ಒಣಗುತ್ತಿರುತ್ತದೆ, ಕೈಯಲ್ಲಿ ಕಾಸಿಲ್ಲ. ಆಗ ಅಡ್ವಾನ್ಸ್ ಕೊಡುವವನು ವ್ಯಾಪಾರಿ. ಕೊಯ್ಲಿಗೆ ದುಡ್ಡು ಕೊಟ್ಟವನಿಗೇ ಕಾಫಿ ಹೋಗುತ್ತದೆ. ಅವನು ಕೆಟ್ಟವನು ಎಂದು ನಾನು ಹೇಳುವುದಿಲ್ಲ, ಎಷ್ಟೋ ಊರಲ್ಲಿ ಆಪತ್ತಿಗೆ ಒದಗುವವನು ಅವನೊಬ್ಬನೇ. ಆದರೆ ಅಡ್ವಾನ್ಸ್ ತಗೊಂಡವನಿಗೆ ದರದ ವಿಷಯದಲ್ಲಿ ಜಗ್ಗಾಡುವ ಬಲ ಉಳಿಯುವುದಿಲ್ಲ.

ಅಳತೆಯ ಮಾತಂತೂ ಹೇಳಲೇಬೇಕು. ಒಣಗಿದ ಚೆರ್ರಿಯ (ಕಾಫಿ ಹಣ್ಣಿನ) 50 ಕೆ.ಜಿ. ಚೀಲದಲ್ಲಿ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆ.ಜಿ. ಬೀಜ ಸಿಗುತ್ತದೋ ಅದು ಔಟ್‌ಟರ್ನ್. ಒಂದು ಕೆ.ಜಿ. ಅಂದರೆ ಒಂದು ಪಾಯಿಂಟು, ದರ ನಿಂತಿರುವುದು ಈ ಪಾಯಿಂಟಿನ ಮೇಲೆ. ಪಾಯಿಂಟಿಗೆ 400 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ನಿಮ್ಮ ಕಾಫಿ 28 ಬರಬೇಕಾದಲ್ಲಿ 26 ಎಂದು ಬರೆದರೆ ಒಂದು ಚೀಲಕ್ಕೆ 800 ರೂಪಾಯಿ ಹೋಯಿತು. 40 ಚೀಲ ಇದ್ದರೆ 32,000. ತೇವಾಂಶದ ಲೆಕ್ಕವೂ ಹೀಗೇ. ಈ ಪರೀಕ್ಷೆ ನಡೆಯುವುದು ಕೊಳ್ಳುವವನ ಅಂಗಡಿಯಲ್ಲಿ, ಅವನ ಯಂತ್ರದಲ್ಲಿ. ಡೇರಿಯ ಅಕ್ಕನ ಹಾಗೆ “ಇನ್ನೊಂದ್ಸಲ ಹಾಕಪ್ಪ” ಎಂದು ಕೇಳುವ ಹಕ್ಕು ಬೆಳೆಗಾರನಿಗಿಲ್ಲ.

ಇಟ್ಟುಕೊಳ್ಳಬಹುದಾದ ಬೆಳೆಗೆ ಸಹಕಾರ ಒಗ್ಗುವುದೇ ಇಲ್ಲವಾ? ಒಗ್ಗುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ಬೆಳೆಗಾರರನ್ನು ಕೇಳಿ. ಅಡಿಕೆಯೂ ವರ್ಷಗಟ್ಟಲೆ ಇಡಬಹುದಾದ ಮಾಲು, ಅದರ ದರವೂ ಏರಿಳಿತದ್ದೇ. ಆದರೂ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಶಿವಮೊಗ್ಗದ ಮಾಮ್ಕೋಸ್ 1939ರಿಂದ ನಡೆದು ಬಂದಿದೆ. ಅಲ್ಲಿನ ಮುಖ್ಯ ಪದ್ಧತಿ ನೋಡಿ. ಸದಸ್ಯ ಅಡಿಕೆ ತಂದು ಹಾಕುತ್ತಾನೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಬೇರೆ ಬೇರೆ ಆಗುತ್ತದೆ. ವ್ಯಾಪಾರಿಗಳು ನೋಡಿ ಟೆಂಡರ್ ಹಾಕುತ್ತಾರೆ. ದರ ಒಪ್ಪಿದರೆ ಕೊಡಬಹುದು, ಇಲ್ಲದಿದ್ದರೆ ಇಟ್ಟು, ಅದರ ಮೇಲೆ ಮುಂಗಡ ತಗೊಂಡು ಮನೆಗೆ ಹೋಗಬಹುದು. ಸಂಘಕ್ಕೆ ಕಮಿಷನ್. ದರದ ಜೂಜಿಗೆ ಸಂಘ ಕೈ ಹಾಕಬೇಕಾಗಿಲ್ಲ, ಬೆಳೆಗಾರನ ಕೈಯೂ ಕಟ್ಟಿಲ್ಲ. ಅಡಿಕೆ ಬೆಳೆಗಾರರ ಇನ್ನೊಂದು ಸಹಕಾರ ಸಂಸ್ಥೆ ಕ್ಯಾಂಪ್ಕೋದ ದಾರಿ ಬೇರೆ. 70ರ ದಶಕದ ಆರಂಭದಲ್ಲಿ ಅಡಿಕೆ ದರ ನೆಲ ಕಚ್ಚಿದಾಗ ವಾರಣಾಸಿ ಸುಬ್ರಾಯ ಭಟ್ಟರು ಕರ್ನಾಟಕ, ಕೇರಳದ ಬೆಳೆಗಾರರನ್ನು ಸೇರಿಸಿ 1973ರಲ್ಲಿ ಮಂಗಳೂರಿನಲ್ಲಿ ಅದನ್ನು ಕಟ್ಟಿದರು. ಅದು ನೇರವಾಗಿ ಕೊಳ್ಳುತ್ತದೆ. ಅದಕ್ಕೆ ದೊಡ್ಡ ಬಂಡವಾಳ ಬೇಕು, ಮಾರುಕಟ್ಟೆ ಬಲ್ಲ ಜನ ಬೇಕು. ಹೊಸದಾಗಿ ಹುಟ್ಟಿದ ಸಂಘ ಮೊದಲ ವರ್ಷವೇ ಸಾಲ ತಂದು ಮಾಲು ಕೊಂಡು ದರ ಏರಲಿ ಎಂದು ಕಾದರೆ ಒಂದೇ ಇಳಿತಕ್ಕೆ ಮುಳುಗುತ್ತದೆ.

ಇನ್ನು ಊರಿನ ಸೊಸೈಟಿ, ಅಂದರೆ ರೈತರಿಗೆ ಸಾಲ ಕೊಡುವ ವ್ಯವಸಾಯ ಸೇವಾ ಸಹಕಾರ ಸಂಘ, ವಿಎಸ್‌ಎಸ್‌ಎನ್. ಇದಕ್ಕೆ ನಮ್ಮ ರಾಜ್ಯವೇ ತವರು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ. 1904ರ ಕಾಯ್ದೆಯ ಹಿಂದೆ ಜರ್ಮನಿಯ ರೈಫೈಸನ್ ಮಾದರಿ ಇತ್ತು. ಒಂದು ಹಳ್ಳಿ, ಪರಸ್ಪರ ಬಲ್ಲ ಜನ, ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಪಕ್ಕದ ಮನೆಯವನು ಸಾಲದ ದುಡ್ಡಲ್ಲಿ ಎತ್ತು ತಂದನಾ, ಇಲ್ಲಾ ಜಾತ್ರೆಗೆ ಖರ್ಚು ಮಾಡಿದನಾ ಎಂದು ನೋಡುವ ಕಾರಣ ಪ್ರತಿಯೊಬ್ಬನಿಗೂ ಇತ್ತು. ಸುಮ್ನೆ ಕುತೂಹಲಕ್ಕಲ್ಲ, ತನ್ನ ಜೇಬಿನ ಭಯಕ್ಕೆ.

ಈಗ ದುಡ್ಡು ಮೇಲಿನಿಂದ ಇಳಿಯುತ್ತದೆ. ಕೇಂದ್ರದ ನಬಾರ್ಡ್, ರಾಜ್ಯದ ಅಪೆಕ್ಸ್ ಬ್ಯಾಂಕು, ಜಿಲ್ಲೆಯ ಡಿಸಿಸಿ ಬ್ಯಾಂಕು, ಆಮೇಲೆ ಸೊಸೈಟಿ. ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ರೈತನಿಗೆ ಅದು ಬೇಕು, ನಾನು ಅದರ ವಿರುದ್ಧ ಒಂದು ಮಾತೂ ಆಡುವುದಿಲ್ಲ. ಆದರೆ ಸಂಘದೊಳಗೆ ಏನಾಗುತ್ತದೆ ನೋಡಿ. ಷೇರು ಹಣವನ್ನು ಸಾಲದಲ್ಲೇ ಮುರಿದುಕೊಳ್ಳುತ್ತಾರೆ. ಹಾಗಾಗಿ ಸದಸ್ಯ ಅದನ್ನು ಸಾಲದ ಖರ್ಚು ಎಂದುಕೊಳ್ಳುತ್ತಾನೆ, ತನ್ನ ಬಂಡವಾಳ ಎಂದುಕೊಳ್ಳುವುದಿಲ್ಲ. ಗಡುವು ಹತ್ತಿರ ಬಂದಾಗ ಕೆಲವರು ಕೈಗಡ ತಂದು ಹಳೇ ಸಾಲ ಕಟ್ಟುತ್ತಾರೆ, ನಾಲ್ಕೈದು ದಿನಕ್ಕೆ ಅದೇ ಸಾಲ ಮತ್ತೆ ತಗೊಂಡು ಕೈಗಡ ತೀರಿಸುತ್ತಾರೆ. ಆ ನಾಲ್ಕು ದಿನದ ಬಡ್ಡಿ ಲೇವಾದೇವಿಯವರಿಗೆ. ಪುಸ್ತಕದಲ್ಲಿ ವಸೂಲಿ ಚೆನ್ನಾಗಿದೆ, ರೈತನ ಕೈಯಲ್ಲಿ ಏನೂ ಇಲ್ಲ. 2017ರಲ್ಲಿ 50,000 ರೂಪಾಯಿವರೆಗೆ, 2018ರಲ್ಲಿ 1 ಲಕ್ಷದವರೆಗೆ ಸಹಕಾರ ಸಂಘಗಳ ಬೆಳೆ ಸಾಲ ಮನ್ನಾ ಆಯಿತು. ಬರಗಾಲದಲ್ಲಿ ಬೆಂದವರಿಗೆ ಅದು ಉಸಿರು ಕೊಟ್ಟಿತು, ನಿಜ. ಹೆಂಡತಿಯ ಒಡವೆ ಅಡವಿಟ್ಟು ಸಮಯಕ್ಕೆ ಕಟ್ಟಿದ ರೈತ ಮಾತ್ರ ಬೆಪ್ಪಾದ. ಅವನ ಬೇಸರವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಂಥವರೇ ಸಂಘದ ಬೆನ್ನೆಲುಬು.

ಸದಸ್ಯರ ಸ್ವಂತ ಠೇವಣಿ ಇರುವ ಸೊಸೈಟಿಯಲ್ಲಿ ಗಾಳಿಯೇ ಬೇರೆ. ಮಗಳ ಮದುವೆಗೆ ಇಟ್ಟ ದುಡ್ಡು ಅಲ್ಲಿದ್ದರೆ ಅಪ್ಪ ಮಹಾಸಭೆ ತಪ್ಪಿಸುವುದಿಲ್ಲ. ಆದರೆ ಒಂದು ವಿಷಯ ಜನಕ್ಕೆ ಸರಿಯಾಗಿ ತಿಳಿದಿಲ್ಲ. 5 ಲಕ್ಷದವರೆಗಿನ ಠೇವಣಿ ವಿಮೆ ಇರುವುದು ಸಹಕಾರಿ ಬ್ಯಾಂಕುಗಳಿಗೆ. ಊರಿನ ಪತ್ತಿನ ಸಂಘಕ್ಕೆ, ಸೌಹಾರ್ದ ಸಂಘಕ್ಕೆ ಅದು ಇಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಸಿಗುತ್ತದೆ ಎಂದು ಇಡುವ ಮೊದಲು ಆಡಿಟ್‌ನಲ್ಲಿ ಎಂಥ ದರ್ಜೆ ಬಂದಿದೆ, ವಸೂಲಾಗದ ಸಾಲ ಎಷ್ಟಿದೆ, ಅದರಲ್ಲಿ ನಿರ್ದೇಶಕರದ್ದು, ಅವರ ನೆಂಟರದ್ದು ಎಷ್ಟು ಎಂದು ಕೇಳಿ. ಕೇಳಿದ್ದಕ್ಕೆ ಕಾರ್ಯದರ್ಶಿ ಮುಖ ಗಂಟಿಕ್ಕಿದರೆ ನಿಮಗೆ ಉತ್ತರ ಸಿಕ್ಕಿತು.

ಮಹಾಸಭೆಗಳ ಕಾಲ ಸೆಪ್ಟೆಂಬರ್. ಶಾಮಿಯಾನ, ಉಪ್ಪಿಟ್ಟು, ಕೇಸರಿಬಾತ್. ಬಾಗಿಲಲ್ಲಿ ಸಹಿ ಹಾಕಿಸಿಕೊಂಡು ವಾರ್ಷಿಕ ವರದಿ ಕೈಗಿಡುತ್ತಾರೆ. ಅಷ್ಟು ಅಂಕಿ ಅಂಶವನ್ನು ಕುರ್ಚಿಯಲ್ಲಿ ಕೂತು ಯಾರು ಓದುತ್ತಾರೆ? ಕಾರ್ಯದರ್ಶಿ ಗಡಗಡ ಓದುತ್ತಾರೆ, ಮುಂದಿನ ಸಾಲಿನ ಇಬ್ಬರು ಕೈ ಎತ್ತುತ್ತಾರೆ, “ಅನುಮೋದಿಸಲಾಗಿದೆ”. ಹಲವು ಸಭೆಗೆ ಬಾರದವರ ಮತದಾನದ ಹಕ್ಕು ಹೋಗುತ್ತದೆ ಎಂಬ ನಿಯಮ ತಂದರು. ಉದ್ದೇಶ ಒಳ್ಳೆಯದೇ. ಈಗ ಅದು ಚುನಾವಣೆ ಹೊತ್ತಿಗೆ ಎದುರಾಳಿಗಳ ಹೆಸರನ್ನು ಪಟ್ಟಿಯಿಂದ ತೆಗೆಯುವ ದಾರಿಯೂ ಆಗಿ, ಕೋರ್ಟು ಮೆಟ್ಟಿಲು ಹತ್ತುವ ಜಗಳಗಳಿಗೆ ಕಾರಣವಾಗಿದೆ. ಜನರನ್ನು ಹೆದರಿಸಿ ಸಭೆಗೆ ಕರೆಯುವುದಕ್ಕಿಂತ ವರದಿಯನ್ನು ಎರಡು ಪುಟಕ್ಕೆ ಇಳಿಸಿ, ಹದಿನೈದು ದಿನ ಮೊದಲೇ ವಾಟ್ಸಾಪ್‌ನಲ್ಲಿ ಕಳಿಸಿ, ಸೊಸೈಟಿ ಗೋಡೆಗೂ ಅಂಟಿಸಿ. ಪ್ರಶ್ನೆಗಳು ತಾವಾಗಿ ಬರುತ್ತವೆ.

ಪ್ರಶ್ನೆ ಕೇಳಲು ಕಲಿಯಬೇಕು ಕೂಡ. ಸಹಕಾರದಲ್ಲಿ ಜಾಸ್ತಿ ಕಡೆಗಣಿಸಿದ್ದು ಸದಸ್ಯರ ಶಿಕ್ಷಣವನ್ನು. ಲಾಭದಲ್ಲಿ ಶಿಕ್ಷಣ ನಿಧಿ ಎಂದು ತೆಗೆದು ಮೇಲಕ್ಕೆ ಕಳಿಸುತ್ತೇವೆ, ಅಲ್ಲಿಗೆ ಮುಗಿಯಿತು. ಸ್ಪೇನಿನ ಮೊಂಡ್ರಗಾನ್‌ನಲ್ಲಿ 1943ರಲ್ಲಿ ಒಬ್ಬ ಪಾದ್ರಿ ಮೊದಲು ಕಟ್ಟಿದ್ದು ಕಸುಬು ಕಲಿಸುವ ಶಾಲೆ. ಅಲ್ಲಿ ಓದಿದ ಹುಡುಗರು ಮೊದಲ ಸಹಕಾರಿ ಕಾರ್ಖಾನೆ ಶುರು ಮಾಡಿದ್ದು 1956ರಲ್ಲಿ. ಹದಿಮೂರು ವರ್ಷ ಜನರನ್ನು ತಯಾರು ಮಾಡಿ ಆಮೇಲೆ ಸಂಘ. ನಾವು ಮೊದಲು ಸಂಘ ನೋಂದಾಯಿಸಿ ಆಮೇಲೆ ಜನರನ್ನು ಹುಡುಕುತ್ತೇವೆ.

ಹೆಣ್ಣುಮಕ್ಕಳ ವಿಷಯ ಬಿಟ್ಟರೆ ಲೆಕ್ಕ ಪೂರ್ತಿ ಆಗುವುದಿಲ್ಲ. ಸಗಣಿ ಬಾಚುವುದು, ಹುಲ್ಲು ತರುವುದು, ಹಾಲು ಕರೆಯುವುದು ಬಹುಪಾಲು ಅವರೇ. ಎಷ್ಟೋ ಮನೆಯಲ್ಲಿ ಡೇರಿ ಸದಸ್ಯತ್ವ ಮಾತ್ರ ಗಂಡನ ಹೆಸರಲ್ಲಿ, ಬಟವಾಡೆ ಅವನ ಖಾತೆಗೆ. ಬೆಳೆ ಸಾಲಕ್ಕೆ ಪಹಣಿ ಬೇಕು, ಪಹಣಿಯಲ್ಲಿ ಅವರ ಹೆಸರಿಲ್ಲ. ಆಡಳಿತ ಮಂಡಳಿಯಲ್ಲಿ ಮೀಸಲು ಸ್ಥಾನ ಇದೆ, ಆದರೆ ಎಷ್ಟೋ ಕಡೆ ಸಭೆಗೆ ಬರುವುದು ಅವರ ಮನೆಯ ಗಂಡಸರು. ಮಹಿಳಾ ಡೇರಿಗಳಲ್ಲಿ ದುಡ್ಡು ಕೆಲಸ ಮಾಡಿದವರ ಖಾತೆಗೇ ಬೀಳುತ್ತದೆ. ಯಾರ ಕೈ ಹಾಲು ಕರೆಯುತ್ತದೋ ಅವರ ಹೆಸರೇ ಪುಸ್ತಕದಲ್ಲಿರಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಊರಿನ ಸಂಘವೇ ನಿಂತು ಮಾಡಿಸಬಹುದು.

ಹಾಗಾದರೆ ಕಾಫಿಗೆ ಏನು ಮಾಡುವುದು? ಕಾಫಿ ಕೊಂಡು ಮಾರುವ ಸಂಘವನ್ನು ಮೊದಲ ದಿನವೇ ಕಟ್ಟಬೇಡಿ. ಅಳೆಯುವ ಸಂಘ ಕಟ್ಟಿ. ಒಂದು ಹೋಬಳಿಯ ಮೂವತ್ತು ನಲವತ್ತು ಸಣ್ಣ ಬೆಳೆಗಾರರು ಷೇರು ಹಾಕಿ ಒಂದು ಸ್ಯಾಂಪಲ್ ಸಿಪ್ಪೆ ತೆಗೆಯುವ ಯಂತ್ರ, ಒಂದು ತೇವಾಂಶದ ಮೀಟರು, ಒಂದು ಒಳ್ಳೆ ತಕ್ಕಡಿ ತರಬಹುದು. ಚೀಲ ಪೇಟೆಗೆ ಹೋಗುವ ಮೊದಲು ಔಟ್‌ಟರ್ನ್ ಎಷ್ಟು ಎಂಬ ಚೀಟಿ ಬೆಳೆಗಾರನ ಕೈಯಲ್ಲಿರಲಿ. ವ್ಯಾಪಾರಿಗೇ ಮಾರಲಿ, ಅಡ್ಡಿಯಿಲ್ಲ. ಎರಡು ಮೂರು ವರ್ಷ ಇದು ನಡೆದು ನಂಬಿಕೆ ಬಂದಮೇಲೆ ಮಾಮ್ಕೋಸ್ ಹಾಗೆ ಮಾಲು ಒಂದೆಡೆ ಇಟ್ಟು ಟೆಂಡರ್ ಕರೆಯುವುದು, ಊರಿನ ವಿಎಸ್‌ಎಸ್‌ಎನ್‌ನಿಂದ ಆ ಮಾಲಿನ ಮೇಲೆ ಕೊಯ್ಲಿನ ಖರ್ಚಿಗೆ ಮುಂಗಡ ಕೊಡಿಸುವುದು. ಕಾಳುಮೆಣಸಿಗೂ ಇದೇ ಜಾಗ, ಇದೇ ಮೀಟರು ಸಾಕು.

ಸರ್ಕಾರ ಸಹಾಯ ಮಾಡುವುದಾದರೆ ಸದಸ್ಯರು ಹಾಕಿದ ಷೇರಿನಷ್ಟೇ ಹಣ ಸೇರಿಸಲಿ, ಅದಕ್ಕಿಂತ ಮೊದಲೂ ಬೇಡ, ಜಾಸ್ತಿಯೂ ಬೇಡ. ಲೆಕ್ಕ ಬಲ್ಲ ಒಬ್ಬ ಕಾರ್ಯದರ್ಶಿಗೆ ಮೊದಲ ಮೂರು ವರ್ಷ ಮರ್ಯಾದೆಯ ಸಂಬಳ ಸಿಗುವ ಹಾಗೆ ಮಾಡಲಿ. ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ, ಮಳೆಗಾಲದಲ್ಲೇ ಜನ ಕೂತು ಮಾತಾಡಿಕೊಂಡರೆ ಈ ವರ್ಷವೇ ಯಂತ್ರ ಓಡಿಸಬಹುದು.